ಕರೆಂಟಿನ ಆವರ್ತನ, ಗಡಿಯಾರದ ನಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ಮನೆಯಲ್ಲಿ ಓವನ್ನಿನ ಗಡಿಯಾರ ಆರು ನಿಮಿಷ ಹಿಂದೆ ಬಿದ್ದಿತ್ತು ಎನ್ನುವವರು, ಅಮೆರಿಕದಿಂದ ತಂದ ಅಲಾರಂ ರೇಡಿಯೊ ಬೆಂಗಳೂರಿನಲ್ಲಿ ಗಂಟೆಗೆ ಹತ್ತು ನಿಮಿಷ ತಪ್ಪುತ್ತದೆ ಎನ್ನುವವರು, ವೋಲ್ಟೇಜ್ ಕಡಿಮೆಯಾದರೆ ಗಡಿಯಾರವೂ ನಿಧಾನವಾಗುತ್ತದೆಯೇ ಎಂದು ಕೇಳುವವರು, ಇವರೆಲ್ಲರ ಪ್ರಶ್ನೆಗೂ ಬೇರು ಒಂದೇ. ಗೋಡೆಯ ಪ್ಲಗ್ಗಿನಿಂದ ಓಡುವ ಎಷ್ಟೋ ಗಡಿಯಾರಗಳು ಸಮಯವನ್ನು ಅಳೆಯುವುದೇ ಇಲ್ಲ. ಅವು ಕರೆಂಟಿನ ಆವರ್ತಗಳನ್ನು ಎಣಿಸುತ್ತವೆ, ಅಷ್ಟೆ. ಸಮಯ ಸರಿಯಾಗಿ ಇಡುವ ಹೊಣೆ ಇರುವುದು ದೂರದಲ್ಲೆಲ್ಲೋ ಕುಳಿತು ವಿದ್ಯುತ್ ಜಾಲ ನಡೆಸುವವರ ಮೇಲೆ. ಅವರು ಆ ಹೊಣೆ ಹೊತ್ತರೆ ಗಡಿಯಾರ ಸರಿ, ಇಲ್ಲದಿದ್ದರೆ ಇಲ್ಲ.

ಸೆಲ್ಲು ಹಾಕುವ ಗಡಿಯಾರಕ್ಕೂ ಪ್ಲಗ್ಗಿಗೆ ಚುಚ್ಚುವ ಗಡಿಯಾರಕ್ಕೂ ಏನು ವ್ಯತ್ಯಾಸ?

ಸೆಲ್ಲಿನ ಗಡಿಯಾರದೊಳಗೆ ಒಂದು ಪುಟ್ಟ ಕ್ವಾರ್ಟ್ಜ್ ಹರಳು ಇರುತ್ತದೆ. ಅದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. 2ರಿಂದ ಹದಿನೈದು ಸಲ ಭಾಗಿಸಿದರೆ ಸೆಕೆಂಡಿಗೊಂದೇ ಮಿಡಿತ ಉಳಿಯುತ್ತದೆ, ಮುಳ್ಳು ‘ಟಿಕ್’ ಎನ್ನುತ್ತದೆ. ಲಯ ಅದರದ್ದೇ, ಸೆಲ್ಲು ಬರೀ ಶಕ್ತಿ ಕೊಡುತ್ತದೆ.

ಪ್ಲಗ್ಗಿನ ಹಳೆಯ ಬಗೆಯ ಗಡಿಯಾರಕ್ಕೆ ಸ್ವಂತ ಲಯವೇ ಇಲ್ಲ. ಮನೆಗೆ ಬರುವ ಎಸಿ ಕರೆಂಟು ಸೆಕೆಂಡಿಗೆ 50 ಸಲ (ಅಮೆರಿಕದಲ್ಲಿ 60 ಸಲ) ಹಿಂದೆ ಮುಂದೆ ತಿರುಗುತ್ತದೆ. ಇದೇ ಆವರ್ತನ, ಹರ್ಟ್ಸ್ ಲೆಕ್ಕದಲ್ಲಿ ಹೇಳುವುದು ಇದನ್ನೇ. ಮುಳ್ಳಿನ ಗಡಿಯಾರದಲ್ಲಿ ಸಿಂಕ್ರೊನಸ್ ಮೋಟಾರು ಇರುತ್ತದೆ. ಕರೆಂಟಿನ ಪ್ರತಿ ಆವರ್ತಕ್ಕೂ ಇಂತಿಷ್ಟೇ ತಿರುಗಬೇಕು ಎಂಬ ಕಟ್ಟಿಗೆ ಒಳಗಾದ ಮೋಟಾರು ಅದು. ಅಂಕಿ ತೋರಿಸುವ ಡಿಜಿಟಲ್ ಗಡಿಯಾರದಲ್ಲಿ ಮೋಟಾರಿನ ಬದಲು ಒಂದು ಐಸಿ, ಅಂದರೆ ಎಣಿಸುವ ಪುಟ್ಟ ಚಿಪ್ಪು, ಇರುತ್ತದೆ. ಐವತ್ತು ಎಣಿಸಿದರೆ ಒಂದು ಸೆಕೆಂಡು ಕೂಡಿಸುತ್ತದೆ. ದಿನಕ್ಕೆ 43,20,000 ಆವರ್ತ ಆಗಬೇಕು. ಒಂದು ಲಕ್ಷ ಕಡಿಮೆ ಬಂದರೂ ಗಡಿಯಾರ ಪ್ರಶ್ನೆ ಕೇಳುವುದಿಲ್ಲ, ಬಂದಷ್ಟನ್ನೇ ದಿನವೆಂದು ನಂಬುತ್ತದೆ.

ನಮ್ಮ ಮನೆಯದು ಯಾವ ಬಗೆ ಎಂದು ತಿಳಿಯುವುದು ಹೇಗೆ?

ಸೆಲ್ಲಿನಿಂದ ಮಾತ್ರ ಓಡುವುದಾದರೆ ಈ ಪುಟದ ಯಾವ ಚಿಂತೆಯೂ ನಿಮಗೆ ಬೇಡ. ಪ್ಲಗ್ಗಿನದಾದರೆ ಹಿಂಬದಿಯ ಚೀಟಿ ನೋಡಿ. ‘50 ಹರ್ಟ್ಸ್’ ಎಂದು ಒಂದನ್ನೇ ಬರೆದಿದ್ದರೆ, ಅಥವಾ 50/60 ಆರಿಸುವ ಸಣ್ಣ ಸ್ವಿಚ್ ಇದ್ದರೆ, ಅದು ಬಹುತೇಕ ಆವರ್ತ ಎಣಿಸುವ ಜಾತಿ. ಮೊಬೈಲ್ ಚಾರ್ಜರಿನಂಥ ಅಡಾಪ್ಟರಿನಿಂದ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಪಡೆದು ಓಡುವುದಾದರೆ ಎಣಿಸಲು ಅದಕ್ಕೆ ಆವರ್ತವೇ ಸಿಗುವುದಿಲ್ಲ, ಒಳಗೆ ಹರಳು ಇದ್ದೇ ಇರುತ್ತದೆ. ಫೋನು, ಕಂಪ್ಯೂಟರು, ಟಿವಿ ಪೆಟ್ಟಿಗೆಗಳು ಸಮಯವನ್ನು ನೆಟ್‌ವರ್ಕಿನಿಂದ ತೆಗೆದುಕೊಳ್ಳುತ್ತವೆ. ಅವುಗಳಿಗೂ ಆವರ್ತನಕ್ಕೂ ಸಂಬಂಧವಿಲ್ಲ.

ಆವರ್ತನ ಎಷ್ಟು ತಪ್ಪಿದರೆ ಗಡಿಯಾರ ಎಷ್ಟು ತಪ್ಪುತ್ತದೆ?

ನೇರ ಅನುಪಾತ. ದಿನಕ್ಕೆ 86,400 ಸೆಕೆಂಡು. 50 ಹರ್ಟ್ಸ್ ಇರಬೇಕಾದಲ್ಲಿ ಇಡೀ ದಿನದ ಸರಾಸರಿ 49.99 ಇದ್ದರೆ ಗಡಿಯಾರ 17.28 ಸೆಕೆಂಡು ಹಿಂದೆ. 49.95 ಇದ್ದರೆ 86.4 ಸೆಕೆಂಡು, ಅಂದರೆ ಒಂದೂವರೆ ನಿಮಿಷಕ್ಕೆ ಹತ್ತಿರ. 49.90 ಆದರೆ 2 ನಿಮಿಷ 53 ಸೆಕೆಂಡು. ಮೇಲಕ್ಕೆ ಹೋದರೆ ಇದೇ ಲೆಕ್ಕದಲ್ಲಿ ಮುಂದೆ ಓಡುತ್ತದೆ.

ಇಲ್ಲಿ ಗಮನಿಸಬೇಕಾದದ್ದು ‘ಸರಾಸರಿ’ ಎಂಬ ಮಾತು. ಬೆಳಿಗ್ಗೆ 49.9ಕ್ಕೆ ಇಳಿದು ರಾತ್ರಿ ಅಷ್ಟೇ ಹೊತ್ತು 50.1ಕ್ಕೆ ಏರಿದರೆ ಮಾರನೆಯ ದಿನಕ್ಕೆ ಗಡಿಯಾರ ಸರಿಯಾಗಿಯೇ ಇರುತ್ತದೆ. ಕ್ಷಣಕ್ಷಣದ ಏರಿಳಿತ ಅದಕ್ಕೆ ಲೆಕ್ಕಕ್ಕಿಲ್ಲ. ಕೂಡಿಬಂದ ಬಾಕಿ ಮಾತ್ರ ಮುಳ್ಳಿನಲ್ಲಿ ಕಾಣಿಸುತ್ತದೆ.

ವೋಲ್ಟೇಜ್ ಕಡಿಮೆ ಇದ್ದರೆ ಗಡಿಯಾರ ನಿಧಾನವಾಗುತ್ತದೆಯೇ?

ಇಲ್ಲ. ನಮ್ಮಲ್ಲಿ ಇದು ಬಹಳ ಕೇಳಿಬರುವ ಗೊಂದಲ, ಸಹಜವೂ ಹೌದು. ಸಂಜೆ ಹೊತ್ತು ವೋಲ್ಟೇಜ್ ಇಳಿದು ಬಲ್ಬು ಮಂಕಾಗಿ ಫ್ಯಾನು ತೆವಳುವುದನ್ನು ಹಳ್ಳಿಗಳಲ್ಲಿ ಎಲ್ಲರೂ ನೋಡಿದ್ದಾರೆ. ಆದರೆ ವೋಲ್ಟೇಜ್ ಎಂಬುದು ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನ, ಲೈನಿನ ಉದ್ದದ, ಪಕ್ಕದ ಹೊಲದ ಪಂಪ್‌ಸೆಟ್ಟಿನ ವಿಷಯ. ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ಆವರ್ತನ ಹಾಗಲ್ಲ. ಒಂದೇ ಜಾಲಕ್ಕೆ ಸೇರಿದ ಕಾಶ್ಮೀರದ ಮನೆಗೂ ಕಾರವಾರದ ಮನೆಗೂ ಅದು ಒಂದೇ. ವೋಲ್ಟೇಜ್ ತೀರಾ ಕುಸಿದರೆ ಮೋಟಾರು ಲಯ ಬಿಟ್ಟು ನಿಂತೇ ಹೋಗಬಹುದು, ಆದರೆ ತಿರುಗುವಷ್ಟು ಹೊತ್ತು ಸರಿಯಾದ ವೇಗದಲ್ಲೇ ತಿರುಗುತ್ತದೆ.

ಆವರ್ತನ ಏಕೆ ಏರಿಳಿಯುತ್ತದೆ? 50 ಎಂದು ಕಟ್ಟಿಹಾಕಬಾರದೇ?

ಆವರ್ತನ ಎಂದರೆ ಜನರೇಟರುಗಳ ತಿರುಗುವಿಕೆಯೇ. ಉಷ್ಣ ಸ್ಥಾವರದ ಎರಡು ಕಾಂತಧ್ರುವದ ಜನರೇಟರು ನಿಮಿಷಕ್ಕೆ 3,000 ಸುತ್ತು ಸುತ್ತಿದರೆ 50 ಹರ್ಟ್ಸ್. ಜಲವಿದ್ಯುತ್ ಯಂತ್ರಗಳು ನಿಧಾನವಾಗಿ ಸುತ್ತುವುದರಿಂದ ಧ್ರುವಗಳು ಹೆಚ್ಚು: 300 ಸುತ್ತಿನ ಯಂತ್ರಕ್ಕೆ 20 ಧ್ರುವ ಬೇಕು. ಜಾಲಕ್ಕೆ ಜೋಡಿಸಿದ ಮೇಲೆ ಇವೆಲ್ಲ ಹೆಗಲು ಕೊಟ್ಟು ಒಂದೇ ಲಯದಲ್ಲಿ ತಿರುಗಬೇಕು.

ಕರೆಂಟನ್ನು ಜಾಲದ ತಂತಿಯಲ್ಲಿ ಕೂಡಿಡಲು ಬರುವುದಿಲ್ಲ. ನೀವು ಗೀಸರ್ ಹಾಕಿದ ಕ್ಷಣವೇ ಆ ಎರಡು ಕಿಲೋವ್ಯಾಟ್ ಎಲ್ಲಿಂದಲೋ ಬರಬೇಕು. ಸ್ಥಾವರದಲ್ಲಿ ಕವಾಟ ಇನ್ನೂ ತೆರೆದಿರುವುದಿಲ್ಲವಾದ್ದರಿಂದ ಮೊದಲು ಅದು ಬರುವುದು ತಿರುಗುತ್ತಿರುವ ನೂರಾರು ಟನ್ನಿನ ರೋಟರುಗಳ ಚಲನಶಕ್ತಿಯಿಂದ. ರೋಟರು ಕೂದಲೆಳೆಯಷ್ಟು ನಿಧಾನವಾಗುತ್ತದೆ, ಆವರ್ತನ ಇಳಿಯುತ್ತದೆ. ಬೇಡಿಕೆ ಹೆಚ್ಚಿ ಉತ್ಪಾದನೆ ಕಡಿಮೆಯಾದರೆ ಇಳಿತ, ಉತ್ಪಾದನೆ ಹೆಚ್ಚಿದರೆ ಏರಿಕೆ. ಇಳಿದದ್ದನ್ನು ಕಂಡು ಸ್ಥಾವರದ ಗವರ್ನರು, ಅಂದರೆ ಯಂತ್ರದ ವೇಗ ಹಿಡಿದಿಡುವ ಸಾಧನ, ಉಗಿಯನ್ನೋ ನೀರನ್ನೋ ಹೆಚ್ಚು ಬಿಡುತ್ತದೆ. ಅದು ಇಳಿತವನ್ನು ತಡೆಯುತ್ತದೆಯೇ ಹೊರತು ಪೂರ್ತಿ 50ಕ್ಕೆ ತರುವುದಿಲ್ಲ. ಆ ಕೆಲಸ ಲೋಡ್ ಡಿಸ್ಪ್ಯಾಚ್ ಕೇಂದ್ರದ್ದು. ಯಾವ ಸ್ಥಾವರ ಎಷ್ಟು ಹೆಚ್ಚಿಸಬೇಕು ಎಂಬ ಆದೇಶ ಅಲ್ಲಿಂದ ಹೋಗುತ್ತದೆ. ದಕ್ಷಿಣ ರಾಜ್ಯಗಳಿಗೆ ಇಂಥ ಪ್ರಾದೇಶಿಕ ಕೇಂದ್ರ ಇರುವುದು ಬೆಂಗಳೂರಿನಲ್ಲೇ.

ಇಷ್ಟು ಏರಿಳಿತ ಇರುವ ವಸ್ತುವನ್ನು ನಂಬಿ ಗಡಿಯಾರ ಮಾಡುವ ಆಲೋಚನೆ ಯಾರದ್ದು?

ಅಮೆರಿಕದ ಮ್ಯಾಸಚೂಸೆಟ್ಸಿನ ಹೆನ್ರಿ ವಾರೆನ್ ಎಂಬ ಎಂಜಿನಿಯರನದ್ದು. ಸಿಂಕ್ರೊನಸ್ ಮೋಟಾರಿನ ಗಡಿಯಾರವನ್ನು ಆತ ಮಾಡಿದ್ದೇನೋ ಹೌದು, ಆದರೆ ಅದು ಸಮಯ ಸರಿ ತೋರಿಸಲಿಲ್ಲ. ಆಗಿನ ವಿದ್ಯುತ್ ಕಂಪನಿಗಳಿಗೆ 60 ಎಂದರೆ ಸುಮಾರು 60, ದೀಪ ಉರಿದರೆ ಸಾಕಿತ್ತು. ಬೇರೆಯವರಾಗಿದ್ದರೆ ಗಡಿಯಾರವನ್ನೇ ತಿದ್ದಲು ಹೊರಡುತ್ತಿದ್ದರು. ವಾರೆನ್ ಹೋದದ್ದು ವಿದ್ಯುತ್ ಸ್ಥಾವರವನ್ನೇ ತಿದ್ದಲು.

ಅದಕ್ಕಾಗಿ ಆತ ಮಾಡಿದ ಉಪಕರಣ ಬಹಳ ಸರಳ. ಒಂದೇ ಮುಖದ ಮೇಲೆ ಎರಡು ಮುಳ್ಳು. ಒಂದನ್ನು ನಿಖರವಾದ ಲೋಲಕದ ಗಡಿಯಾರ ತಿರುಗಿಸುತ್ತದೆ, ಇನ್ನೊಂದನ್ನು ಆ ಸ್ಥಾವರದ್ದೇ ಕರೆಂಟಿನಿಂದ ಓಡುವ ಸಿಂಕ್ರೊನಸ್ ಮೋಟಾರು. ಎರಡೂ ಮುಳ್ಳು ಒಂದರ ಮೇಲೊಂದು ಇರುವಂತೆ ಸ್ಥಾವರದ ಸಿಬ್ಬಂದಿ ಟರ್ಬೈನಿನ ವೇಗ ಹೊಂದಿಸುತ್ತಿರಬೇಕು. 1916ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಎಡಿಸನ್ ಕಂಪನಿಯ ಸ್ಥಾವರದಲ್ಲಿ ಇದು ಕೂತಿತು. ಅಲ್ಲಿಂದ ಮುಂದೆ ವಾರೆನ್ನನ ‘ಟೆಲಿಕ್ರಾನ್’ ಗಡಿಯಾರಗಳು ಅಮೆರಿಕದ ಅಡುಗೆಮನೆಗಳಿಗೆ ಹೊಕ್ಕವು. ಕೀ ಕೊಡುವ ಗೋಜಿಲ್ಲ, ಹಿಂದೆ ಮುಂದೆ ಓಡುವುದಿಲ್ಲ.

ನನಗೆ ಇದರಲ್ಲಿ ಇಷ್ಟವಾಗುವುದು ವ್ಯಾಪಾರದ ಜಾಣತನ. ಗಡಿಯಾರ ಕೊಂಡವರು ದುಡ್ಡು ಕೊಟ್ಟದ್ದು ಒಂದು ಮೋಟಾರು ಮತ್ತು ನಾಲ್ಕು ಹಲ್ಲುಚಕ್ರಕ್ಕೆ. ನಿಖರತೆಯ ಖರ್ಚು ಮಾತ್ರ ಸ್ಥಾವರದ ಲೆಕ್ಕಕ್ಕೆ. ಕಂಪನಿಗಳಿಗೂ ಲಾಭವಿಲ್ಲದೇ ಇರಲಿಲ್ಲ: ಆವರ್ತನ ಬಿಗಿಯಾಗಿದ್ದರೆ ಪಕ್ಕದ ಕಂಪನಿಯ ಜಾಲದೊಂದಿಗೆ ಜೋಡಿಸುವುದು ಸುಲಭ.

2018ರಲ್ಲಿ ಯುರೋಪಿನ ಗಡಿಯಾರಗಳು ಆರು ನಿಮಿಷ ಹಿಂದೆ ಬಿದ್ದದ್ದು ನಿಜವೇ?

ನಿಜ. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಪೋರ್ಚುಗಲ್‌ನಿಂದ ಟರ್ಕಿಯವರೆಗೆ, ಡೆನ್ಮಾರ್ಕಿನಿಂದ ಇಟಲಿಯವರೆಗೆ ಯುರೋಪ್ ಖಂಡದ 25 ದೇಶಗಳು ಆಗ ಒಂದೇ ಸಿಂಕ್ರೊನಸ್ ಜಾಲದಲ್ಲಿದ್ದವು, ಅಂದರೆ ಎಲ್ಲಕ್ಕೂ ಲಯ ಒಂದೇ. 2018ರ ಜನವರಿ ಮಧ್ಯದಿಂದ ಈ ಇಡೀ ಜಾಲದ ಸರಾಸರಿ ಆವರ್ತನ 49.996 ಹರ್ಟ್ಸ್‌ಗೆ ಇಳಿಯಿತು. ಕೊರತೆ ಹರ್ಟ್ಸಿನ ಸಾವಿರದಲ್ಲಿ ನಾಲ್ಕು ಪಾಲು. ಯಂತ್ರಗಳಿಗೆ, ದೀಪಗಳಿಗೆ ಇದರಿಂದ ಏನೂ ಆಗದು. ಆದರೆ ಗಡಿಯಾರ ದಿನಕ್ಕೆ ಸುಮಾರು 7 ಸೆಕೆಂಡು ಹಿಂದೆ ಸರಿಯುತ್ತದೆ. ಮಾರ್ಚ್ ಮೊದಲ ವಾರದ ಹೊತ್ತಿಗೆ ಅದು ಕೂಡಿ ಕೂಡಿ ಆರು ನಿಮಿಷದ ಹತ್ತಿರ ಬಂದಿತ್ತು. ಓವನ್, ಅಲಾರಂ ರೇಡಿಯೊ, ಹೀಟರಿನ ಟೈಮರು, ಹೀಗೆ ಆವರ್ತ ಎಣಿಸುವುದೆಲ್ಲ ತಪ್ಪಿತು. ಜನ ಗಡಿಯಾರ ತಿದ್ದಿದರು, ಮತ್ತೆ ಹಿಂದೆ ಬಿತ್ತು, ಹಾಳಾಗಿರಬೇಕು ಎಂದುಕೊಂಡರು.

ಕಾರಣವನ್ನು ಯುರೋಪಿನ ಪ್ರಸರಣ ಸಂಸ್ಥೆಗಳ ಒಕ್ಕೂಟವೇ ಮಾರ್ಚ್ 6ರಂದು ಬಹಿರಂಗವಾಗಿ ಹೇಳಿತು: ಸರ್ಬಿಯ ಮತ್ತು ಕೊಸೊವೊ ನಡುವಿನ ಜಗಳ. ಕೊಸೊವೊ 2008ರಲ್ಲಿ ಸ್ವತಂತ್ರ ಎಂದು ಘೋಷಿಸಿಕೊಂಡಿತು, ಸರ್ಬಿಯ ಒಪ್ಪಲಿಲ್ಲ. ವಿದ್ಯುತ್ ಸಮತೋಲನದ ಲೆಕ್ಕದಲ್ಲಿ ಆಗ ಕೊಸೊವೊ ಇನ್ನೂ ಸರ್ಬಿಯದ ವಲಯದೊಳಗೇ ಇತ್ತು. ಕೊಸೊವೊದ ಉತ್ತರ ಭಾಗದಲ್ಲಿ ಸರ್ಬ್ ಜನಾಂಗದವರು ಹೆಚ್ಚಾಗಿರುವ ನಾಲ್ಕು ಪುರಸಭೆಗಳಿವೆ, ಅಲ್ಲಿನವರು ಬಳಸಿದ ಕರೆಂಟಿಗೆ ಕೊಸೊವೊಗೆ ಹಣ ಬರುತ್ತಿರಲಿಲ್ಲ. ಆ ಭಾಗದ ಕೊರತೆಯನ್ನು ತಾನು ತುಂಬುವುದಿಲ್ಲ ಎಂದು ಕೊಸೊವೊ ಕೂತಿತು, ವಲಯದ ಹೊಣೆಯಿದ್ದ ಸರ್ಬಿಯವೂ ತುಂಬಲಿಲ್ಲ. ಜಾಲಕ್ಕೆ ಬರಬೇಕಿದ್ದ 113 ಗಿಗಾವ್ಯಾಟ್-ಗಂಟೆ ಬರಲೇ ಇಲ್ಲ. ನಮ್ಮ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ 11.3 ಕೋಟಿ ಯೂನಿಟ್.

ಕೇಳಲು ದೊಡ್ಡದು. ಯುರೋಪಿನ ಬಳಕೆಯ ಮುಂದೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ದೀಪವೊಂದೂ ಆರಲಿಲ್ಲ, ಕಾರ್ಖಾನೆಯೊಂದೂ ನಿಲ್ಲಲಿಲ್ಲ. ಗಡಿಯಾರಗಳು ಇಲ್ಲದೇ ಹೋಗಿದ್ದರೆ ತಜ್ಞರನ್ನು ಬಿಟ್ಟು ಬೇರೆ ಯಾರಿಗೂ ಇದು ಗೊತ್ತಾಗುತ್ತಿರಲಿಲ್ಲ. ಬಾಲ್ಕನ್ನಿನ ಪುರಸಭೆಗಳ ಬಾಕಿ ಲಿಸ್ಬನ್ನಿನ ಅಡುಗೆಮನೆಯಲ್ಲಿ ನಿಮಿಷಗಳ ಲೆಕ್ಕದಲ್ಲಿ ಕಾಣಿಸಿತು.

ಆ ಆರು ನಿಮಿಷವನ್ನು ಹೇಗೆ ಸರಿಪಡಿಸಿದರು? ಎಲ್ಲರೂ ಗಡಿಯಾರ ತಿದ್ದಿಕೊಂಡರೇ?

ತಿದ್ದಿಕೊಂಡವರಿಗೇ ಆಮೇಲೆ ಮತ್ತೆ ತಿದ್ದುವ ಕೆಲಸ ಬಿತ್ತು! ಕೊರತೆ ನಿಂತ ಮೇಲೆ ಜಾಲವನ್ನು ಬೇಕೆಂದೇ 50ಕ್ಕಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಓಡಿಸಿ, ಕಳೆದುಹೋದ ಆವರ್ತಗಳನ್ನು ಒಂದೊಂದಾಗಿ ವಾಪಸು ಕೊಡಬೇಕಾಯಿತು. ಇದಕ್ಕೆ ಯುರೋಪಿನಲ್ಲಿ ಹಳೆಯ ಪದ್ಧತಿಯೇ ಇದೆ. ಸ್ವಿಟ್ಜರ್ಲೆಂಡಿನ ಲಾಫೆನ್‌ಬುರ್ಗ್‌ನಲ್ಲಿ ಜಾಲದ ಸಮಯ ಮತ್ತು ನಿಜವಾದ ಸಮಯದ ಅಂತರವನ್ನು ನೋಡುತ್ತಿದ್ದರು. 1958ರಲ್ಲಿ ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡಿನ ಜಾಲಗಳು ಮೊದಲು ಕೂಡಿಕೊಂಡದ್ದೂ ಅಲ್ಲೇ. ಅಂತರ 20 ಸೆಕೆಂಡು ದಾಟಿದರೆ ಮಾರನೆಯ ದಿನ ಎಲ್ಲ ದೇಶಗಳೂ 50ರ ಬದಲು 50.01 ಅಥವಾ 49.99 ಗುರಿ ಇಟ್ಟುಕೊಳ್ಳಬೇಕು.

50.01ರಲ್ಲಿ ಓಡಿಸಿದರೆ ದಿನಕ್ಕೆ 17 ಸೆಕೆಂಡು ಮಾತ್ರ ವಾಪಸು ಸಿಗುತ್ತದೆ. ಆರು ನಿಮಿಷಕ್ಕೆ ಮೂರು ವಾರ. ಏಪ್ರಿಲ್ ಮೊದಲ ವಾರದ ಹೊತ್ತಿಗೆ ಗಡಿಯಾರಗಳು ಸಮಕ್ಕೆ ಬಂದವು. ಏನೂ ಮುಟ್ಟದೆ ಸುಮ್ಮನಿದ್ದವರ ಗಡಿಯಾರ ತಾನಾಗಿ ಸರಿಯಾಯಿತು, ಫೆಬ್ರವರಿಯಲ್ಲಿ ತಿದ್ದಿದವರದ್ದು ಈಗ ಮುಂದೆ ಓಡಿತ್ತು. ಇನ್ನೂ ಬೇಗ ಸರಿಪಡಿಸಬಾರದಿತ್ತೇ ಎಂದರೆ, ಆವರ್ತನವನ್ನು ಹೆಚ್ಚು ದೂರ ತಳ್ಳಿದಷ್ಟೂ ಅವಘಡಕ್ಕೆ ಇಟ್ಟುಕೊಂಡ ಅವಕಾಶ ಕಡಿಮೆಯಾಗುತ್ತದೆ. ಗಡಿಯಾರಕ್ಕಾಗಿ ಅಷ್ಟು ಅಪಾಯ ಯಾರೂ ತೆಗೆದುಕೊಳ್ಳುವುದಿಲ್ಲ.

ಲಂಡನ್ನಿನಲ್ಲಿದ್ದ ನಮ್ಮವರ ಗಡಿಯಾರಕ್ಕೆ ಆಗ ಏನೂ ಆಗಲಿಲ್ಲವಲ್ಲ?

ಬ್ರಿಟನ್ ಬೇರೆ ಜಾಲ. ಫ್ರಾನ್ಸಿನೊಂದಿಗೆ ಕಡಲಡಿಯ ಕೇಬಲ್ ಇದೆ, ಆದರೆ ಅದು ಡಿಸಿ. ಡಿಸಿಗೆ ಆವರ್ತನವೇ ಇಲ್ಲದ್ದರಿಂದ ಕರೆಂಟು ದಾಟುತ್ತದೆ, ಲಯ ದಾಟುವುದಿಲ್ಲ. ಸ್ವೀಡನ್, ನಾರ್ವೆ, ಫಿನ್ಲೆಂಡ್ ಕೂಡ ಹೀಗೆಯೇ ಪಾರಾದವು.

ನಮ್ಮ ಕೋಲಾರದ ಉದಾಹರಣೆಯೂ ಇದೇ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2003ರಲ್ಲಿ ಬಂದ ಭಾರೀ ಡಿಸಿ ಲೈನು 2,000 ಮೆಗಾವ್ಯಾಟ್ ಹೊರುವಂತೆ ಕಟ್ಟಿದ್ದು. ಆಗ ಪೂರ್ವದ ಜಾಲ ಒಂದು ಆವರ್ತನದಲ್ಲಿ, ದಕ್ಷಿಣದ ಜಾಲ ಇನ್ನೊಂದು ಆವರ್ತನದಲ್ಲಿ ಓಡುತ್ತಿದ್ದರೂ ಕರೆಂಟು ಬರುತ್ತಿತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ಕರ್ನಾಟಕದಲ್ಲಿ ದೀಪ ಉರಿಯುತ್ತಿದ್ದುದಕ್ಕೆ ಈ ಬೇರೆತನವೇ ಕಾರಣ.

ಭಾರತದ ಮನೆಗಳಲ್ಲಿ ಇಂಥ ಗಡಿಯಾರ ಏಕೆ ಕಾಣುವುದಿಲ್ಲ?

ಮೊದಲ ಉತ್ತರ ಯಾರಿಗೂ ಗೊತ್ತಿರುವುದೇ, ಪವರ್ ಕಟ್. ದಿನಕ್ಕೆರಡು ಸಲ ಲೋಡ್ ಶೆಡ್ಡಿಂಗ್ ಇದ್ದ ಕಾಲದಲ್ಲಿ ಪ್ಲಗ್ಗಿನ ಗಡಿಯಾರ ಕೊಳ್ಳುವುದು ಬೇಡದ ತಲೆನೋವು. ನಮ್ಮ ಮನೆಗಳು ಕೀ ಕೊಡುವ ಗಡಿಯಾರದಿಂದ ನೇರವಾಗಿ ಕ್ವಾರ್ಟ್ಜಿಗೆ ಹಾರಿದವು. ನಡುವಿನ ಮೆಟ್ಟಿಲನ್ನು ಹತ್ತಲೇ ಇಲ್ಲ.

ಎರಡನೆಯದು ಆವರ್ತನ. ನಾನು ಕೇಳಿದರೆ ಇದೇ ಮುಖ್ಯ ಎನ್ನುತ್ತೇನೆ, ಏಕೆಂದರೆ ಕರೆಂಟು ಒಂದು ಕ್ಷಣವೂ ಹೋಗದಿದ್ದರೂ ಅಂದು ಆ ಗಡಿಯಾರ ಕೆಲಸಕ್ಕೆ ಬರುತ್ತಿರಲಿಲ್ಲ. 1990ರ ದಶಕದಲ್ಲಿ ದಕ್ಷಿಣದ ಜಾಲ ಬೇಡಿಕೆಯ ಹೊತ್ತಿನಲ್ಲಿ 48.5ರ ಕೆಳಗೆ ಓಡುವುದು ಹೊಸತೇನಾಗಿರಲಿಲ್ಲ. 48.5ರಲ್ಲಿ ಒಂದು ಇಡೀ ದಿನ ಓಡಿದರೆ ಗಡಿಯಾರ 43 ನಿಮಿಷ ಹಿಂದೆ. ಇನ್ನೊಂದು ಕಡೆ, ಪೂರ್ವದ ಜಾಲದಲ್ಲಿ ರಾತ್ರಿ ಹೊತ್ತು ಬೇಡಿಕೆ ಕಡಿಮೆಯಾದಾಗ 50ರ ಮೇಲಕ್ಕೆ ಓಡುತ್ತಿತ್ತು. ಒಂದೇ ಗಡಿಯಾರ ಬೆಂಗಳೂರಿನಲ್ಲಿ ಹಿಂದೆ, ಕಲ್ಕತ್ತೆಯಲ್ಲಿ ಮುಂದೆ!

ಇದನ್ನು ತಹಬಂದಿಗೆ ತಂದದ್ದು ಶಿಸ್ತಿನ ಉಪದೇಶವಲ್ಲ, ದುಡ್ಡು. 2002–03ರ ಸುಮಾರಿಗೆ ಎಬಿಟಿ ಎಂಬ ದರಪದ್ಧತಿ ಬಂತು. ಹೇಳಿದ್ದಕ್ಕಿಂತ ಹೆಚ್ಚು ಕರೆಂಟು ಎಳೆದ ರಾಜ್ಯ ದಂಡ ಕೊಡಬೇಕಿತ್ತು, ಮತ್ತು ಆ ದಂಡದ ದರ ಆ ಹೊತ್ತಿನ ಆವರ್ತನದ ಮೇಲೆ ನಿಂತಿರುತ್ತಿತ್ತು. ಆವರ್ತನ ಕೆಳಗಿದ್ದಾಗ ಎಳೆದರೆ ದುಬಾರಿ, ಮೇಲಿದ್ದಾಗ ಎಳೆದರೆ ಅಗ್ಗ, 50.5 ಮುಟ್ಟಿದರೆ ಬಿಟ್ಟಿ. ಪ್ರತಿ ರಾಜ್ಯದ ಕಂಟ್ರೋಲ್ ರೂಮಿನಲ್ಲೂ ಆವರ್ತನದ ಅಂಕಿಯೇ ಸಂತೆಯ ದರಪಟ್ಟಿಯಾಯಿತು. ಜಾಲ ತಾನಾಗಿ 50ರ ಕಡೆ ಸರಿಯಿತು.

ಈಗ ನಮ್ಮ ಜಾಲದ ಆವರ್ತನ ಹೇಗಿದೆ?

ಹಳೆಯದಕ್ಕೆ ಹೋಲಿಸಿದರೆ ಬಹಳ ಒಳ್ಳೆಯದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕೆವಿ ಲೈನಿನ ಮೂಲಕ ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ಸೇರಿತು. ಅಂದಿನಿಂದ ಇಡೀ ಭಾರತಕ್ಕೆ ಒಂದೇ ಆವರ್ತನ. ಜಾಲ ದೊಡ್ಡದಾದಷ್ಟೂ ಒಂದು ಸ್ಥಾವರ ಕೈಕೊಟ್ಟರೆ ಆಗುವ ಕುಸಿತ ಚಿಕ್ಕದು. ಗ್ರಿಡ್ ಸಂಹಿತೆಯ (ಜಾಲ ನಡೆಸುವ ನಿಯಮಗಳ) ಮಿತಿ ಹಿಂದೆ 49.0ರಿಂದ 50.5 ಇದ್ದದ್ದು ಹಂತಹಂತವಾಗಿ ಬಿಗಿಯಾಗಿ ಈಗ 49.90ರಿಂದ 50.05ಕ್ಕೆ ಬಂದಿದೆ.

ಆದರೆ ಈ ಮಿತಿಯನ್ನೇ ಗಡಿಯಾರದ ಕಣ್ಣಿನಿಂದ ನೋಡಿ. ಕೆಳಗೆ 0.10, ಮೇಲೆ 0.05. ಕೆಳಗಿನ ಅಂಚಿನಲ್ಲೇ ದಿನವಿಡೀ ಓಡಿದರೆ 2 ನಿಮಿಷ 53 ಸೆಕೆಂಡು ಹಿಂದೆ, ಮೇಲಿನ ಅಂಚಿನಲ್ಲಿ ಓಡಿದರೆ 1 ನಿಮಿಷ 26 ಸೆಕೆಂಡು ಮುಂದೆ. ಎರಡೂ ಕಡೆ ಸಮ ಇಲ್ಲದ ಈ ಮಿತಿಯನ್ನು ಬರೆದವರ ಮನಸ್ಸಿನಲ್ಲಿ ಗೋಡೆ ಗಡಿಯಾರ ಇರಲಿಲ್ಲ ಎಂಬುದು ಸ್ಪಷ್ಟ. ತಪ್ಪೇನಿಲ್ಲ, ಅವರು ಕಾಯುತ್ತಿದ್ದುದು ಟರ್ಬೈನುಗಳನ್ನು, ನಮ್ಮಲ್ಲಿ ಕಾಯಬೇಕಾದ ಪ್ಲಗ್ಗಿನ ಗಡಿಯಾರಗಳೂ ಇಲ್ಲ.

2020ರ ಏಪ್ರಿಲ್ 5ರಂದು ಎಲ್ಲರೂ ಒಟ್ಟಿಗೆ ದೀಪ ಆರಿಸಿದಾಗ ಗಡಿಯಾರಗಳಿಗೆ ಏನಾಯಿತು?

ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆ ರಾತ್ರಿ 9 ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಅಂದಾಜಿಗಿಂತ ಎಷ್ಟೋ ಹೆಚ್ಚು. ಜಲವಿದ್ಯುತ್ ಯಂತ್ರಗಳನ್ನು ಸರಸರನೆ ಇಳಿಸಿ ಏರಿಸಿ ಜಾಲವನ್ನು ಹಿಡಿದು ನಿಲ್ಲಿಸಿದರು. ಆವರ್ತನ 49.70ರಿಂದ 50.26ರವರೆಗೆ ಓಲಾಡಿತು. ಒಂಬತ್ತು ನಿಮಿಷ ಪೂರ್ತಿ 50.26ರಲ್ಲೇ ನಿಂತಿದ್ದರೂ ಗಡಿಯಾರ ಮುಂದೆ ಹೋಗುತ್ತಿದ್ದುದು ಮೂರು ಸೆಕೆಂಡಿಗೂ ಕಡಿಮೆ. ಯುರೋಪಿನ 49.996ಕ್ಕೆ ಹೋಲಿಸಿ ನೋಡಿ: ಜಾಲದವರ ಎದೆ ನಡುಗಿಸಿದ ಏರಿಳಿತ ಗಡಿಯಾರಕ್ಕೆ ತಾಕಲಿಲ್ಲ, ಯಾರ ನಿದ್ದೆಯನ್ನೂ ಕೆಡಿಸದ ಸಣ್ಣ ಕೊರತೆ ಏಳು ವಾರ ಉಳಿದು ಆರು ನಿಮಿಷ ನುಂಗಿತು.

ಅಮೆರಿಕದಿಂದ ತಂದ ಅಲಾರಂ ಗಡಿಯಾರ ಇಲ್ಲಿ ಏಕೆ ಹಿಂದೆ ಬೀಳುತ್ತದೆ? ಟ್ರಾನ್ಸ್‌ಫಾರ್ಮರ್ ಹಾಕಿಯೇ ಇದ್ದೇವೆ.

ಟ್ರಾನ್ಸ್‌ಫಾರ್ಮರು 230 ವೋಲ್ಟನ್ನು 120ಕ್ಕೆ ಇಳಿಸುತ್ತದೆ, 50 ಹರ್ಟ್ಸನ್ನು 60 ಮಾಡುವುದಿಲ್ಲ. 60 ಎಣಿಸಿದರೆ ಒಂದು ಸೆಕೆಂಡು ಎಂದು ನಂಬಿದ ಗಡಿಯಾರಕ್ಕೆ 50 ಮಾತ್ರ ಸಿಗುತ್ತದೆ. ಗಂಟೆಗೆ 10 ನಿಮಿಷ, ದಿನಕ್ಕೆ 4 ಗಂಟೆ ಹಿಂದೆ. ಇಲ್ಲಿಂದ ಅಲ್ಲಿಗೆ ಒಯ್ದರೆ ಗಂಟೆಗೆ 12 ನಿಮಿಷ ಮುಂದೆ. ಡಿಜಿಟಲ್ ಆಗಿದ್ದರೆ ಹಿಂಬದಿಯಲ್ಲೋ ಸೆಲ್ಲಿನ ಗೂಡಿನೊಳಗೋ 50/60 ಸ್ವಿಚ್ ಇದೆಯೇ ಹುಡುಕಿ. ಮೋಟಾರಿನದ್ದಾದರೆ ಅಂದಕ್ಕೆ ಇಟ್ಟುಕೊಳ್ಳಬಹುದು, ಅಷ್ಟೇ.

ಜಪಾನಿನಲ್ಲಿ ಈ ಪಾಡಿಗೆ ದೇಶ ಬಿಡಬೇಕಾಗಿಯೂ ಇಲ್ಲ. 1890ರ ದಶಕದಲ್ಲಿ ಟೋಕಿಯೊ ಜರ್ಮನಿಯ ಜನರೇಟರು ಕೊಂಡಿತು, ಒಸಾಕ ಅಮೆರಿಕದ್ದನ್ನು. ಪೂರ್ವಕ್ಕೆ 50, ಪಶ್ಚಿಮಕ್ಕೆ 60 ಇಂದಿಗೂ ಹಾಗೆಯೇ ಉಳಿದಿದೆ.

ಗಡಿಯಾರ ಬಿಟ್ಟು ಬೇರೆ ಯಾವ ಸಾಮಾನು ಆವರ್ತನಕ್ಕೆ ಕಟ್ಟುಬಿದ್ದಿದೆ?

ಮೈಕ್ರೋವೇವಿನಲ್ಲಿ ತಟ್ಟೆ ತಿರುಗಿಸುವ ಮೋಟಾರು, ಹಳೆಯ ವಾಷಿಂಗ್ ಮಷೀನಿನ ಟೈಮರು, ಬೀದಿ ದೀಪದ ಹಳೆಯ ಟೈಮ್ ಸ್ವಿಚ್, ಕೆಲವು ಗ್ರಾಮಫೋನ್ ಪ್ಲೇಯರುಗಳು. ಎಲ್ಲಕ್ಕಿಂತ ಸೊಗಸಾದದ್ದು ಹ್ಯಾಮಂಡ್ ಆರ್ಗನ್. ಲಾರೆನ್ಸ್ ಹ್ಯಾಮಂಡ್ ಮೊದಲು ಸಿಂಕ್ರೊನಸ್ ಗಡಿಯಾರ ಮಾಡಿ ಮಾರುತ್ತಿದ್ದವ. ಅದೇ ಮೋಟಾರಿನ ವಿದ್ಯೆಯಿಂದ 1935ರಲ್ಲಿ ವಾದ್ಯ ಮಾಡಿದ. ಹಲ್ಲುಗಳಿರುವ ಚಕ್ರಗಳನ್ನು ಸಿಂಕ್ರೊನಸ್ ಮೋಟಾರು ತಿರುಗಿಸುತ್ತದೆ, ಸ್ವರ ಅಲ್ಲಿಂದ ಹುಟ್ಟುತ್ತದೆ. ಅಂದರೆ ಶ್ರುತಿ ಕಟ್ಟುವುದು ವಿದ್ಯುತ್ ಸ್ಥಾವರ! 60 ಹರ್ಟ್ಸಿನ ಹ್ಯಾಮಂಡನ್ನು 50ರಲ್ಲಿ ನುಡಿಸಿದರೆ ಶ್ರುತಿ 6:5ರ ಅನುಪಾತದಲ್ಲಿ ಇಳಿಯುತ್ತದೆ. ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅಂತರ ಅದು.

ಸೀಲಿಂಗ್ ಫ್ಯಾನು ಇಂಡಕ್ಷನ್ ಮೋಟಾರು. ಆವರ್ತನ ಇಳಿದರೆ ಅದೂ ಸ್ವಲ್ಪ ನಿಧಾನ, ಆದರೆ ಎಣಿಕೆಯ ನಿಷ್ಠೆ ಅದಕ್ಕಿಲ್ಲ.

ಇನ್ವರ್ಟರ್ ಅಥವಾ ಅಪಾರ್ಟ್‌ಮೆಂಟಿನ ಜನರೇಟರಿನಲ್ಲಿ ಓಡುವಾಗ?

ಆಗ ನಿಮ್ಮ ಗಡಿಯಾರಕ್ಕೆ ಅದೇ ಜಾಲ. ಇನ್ವರ್ಟರು ತನ್ನೊಳಗಿನ ಹರಳನ್ನೋ ಚಿಪ್ಪನ್ನೋ ನೋಡಿಕೊಂಡು 50 ಹರ್ಟ್ಸ್ ತಯಾರಿಸುತ್ತದೆ. ಸಾಮಾನ್ಯವಾಗಿ ಸಾಕಷ್ಟು ಸರಿಯಾಗಿರುತ್ತದೆ. ಆದರೆ ಅಗ್ಗದ ಇನ್ವರ್ಟರಿನ ಒರಟು ಅಲೆಯನ್ನು ಡಿಜಿಟಲ್ ಗಡಿಯಾರ ಒಮ್ಮೊಮ್ಮೆ ಎರಡೆರಡು ಸಲ ಎಣಿಸಿ ದಿಢೀರನೆ ಮುಂದೆ ಓಡುವುದುಂಟು. ಡೀಸೆಲ್ ಜನರೇಟರಿನದು ಇನ್ನೊಂದು ಕತೆ: ಹಳೆಯ ಯಾಂತ್ರಿಕ ಗವರ್ನರಿನ ಯಂತ್ರವನ್ನು ಪೂರ್ತಿ ಲೋಡಿನಲ್ಲಿ 50 ಬರುವಂತೆ ಹೊಂದಿಸಿದ್ದರೆ ಲೋಡಿಲ್ಲದಾಗ 52ರಲ್ಲಿ ಓಡಬಹುದು. ಗಂಟೆಗೆ ಎರಡೂವರೆ ನಿಮಿಷದಷ್ಟು ಮುಂದೆ.

ಕರೆಂಟು ಹೋಗಿ ಬಂದಾಗ ಹಳೆಯ ಗಡಿಯಾರಗಳು ಏನು ಮಾಡುತ್ತಿದ್ದವು?

ಎರಡು ಬಗೆ. ಹ್ಯಾಮಂಡನ ಆರಂಭದ ಗಡಿಯಾರಗಳು ಒಮ್ಮೆ ನಿಂತರೆ ಕೈಯಿಂದ ತಿರುಪು ತಿರುಗಿಸಿ ಚಾಲೂ ಮಾಡುವವರೆಗೆ ನಿಂತೇ ಇರುತ್ತಿದ್ದವು. ಟೆಲಿಕ್ರಾನ್ ತಾನಾಗಿ ಮತ್ತೆ ಓಡುತ್ತಿತ್ತು. ಮೇಲ್ನೋಟಕ್ಕೆ ಇದೇ ಒಳ್ಳೆಯದು ಅನ್ನಿಸುತ್ತದೆ. ಆದರೆ ನಿಂತ ಗಡಿಯಾರ ಸುಳ್ಳು ಹೇಳುತ್ತಿದೆ ಎಂದು ಗೊತ್ತಾಗುತ್ತದೆ, ಇಪ್ಪತ್ತು ನಿಮಿಷ ನಿಂತು ಮತ್ತೆ ಓಡುತ್ತಿರುವುದರ ಸುಳ್ಳು ಗೊತ್ತಾಗುವುದಿಲ್ಲ. ಅದಕ್ಕಾಗಿ ಮುಖದ ಮೇಲೆ ಕೆಂಪು ಚುಕ್ಕೆಯೊಂದು ಬರುವಂತೆ ಮಾಡಿದ್ದರು: ಕರೆಂಟು ನಡುವೆ ಹೋಗಿತ್ತು, ಸಮಯ ನೋಡಿಕೊಳ್ಳಿ ಎಂಬ ಸೂಚನೆ. ಡಿಜಿಟಲ್ ಗಡಿಯಾರದಲ್ಲಿ ಮಿಣುಕುವ 12:00 ಮಾಡುವುದೂ ಅದೇ ಕೆಲಸ. 9 ವೋಲ್ಟಿನ ಸೆಲ್ಲು ಹಾಕಿದ್ದರೆ ಮಿಣುಕುವುದಿಲ್ಲ, ಆದರೆ ಎಷ್ಟೋ ಮಾದರಿಗಳಲ್ಲಿ ಸೆಲ್ಲಿನ ಮೇಲೆ ಓಡುವಾಗಿನ ಲಯ ತೀರಾ ಒರಟು.

ಕೊನೆಗೂ ಯಾವುದು ಹೆಚ್ಚು ನಿಖರ, ಕ್ವಾರ್ಟ್ಜೋ ಕರೆಂಟೋ?

ಎಷ್ಟು ಹೊತ್ತಿನ ಮಾತು ಎಂಬುದರ ಮೇಲಿದೆ. ಒಂದು ಗಂಟೆಯ ಅಳತೆಗೆ ಕ್ವಾರ್ಟ್ಜ್ ಮೇಲು. ಸಾಧಾರಣ ಹರಳು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೆ ದಿನಕ್ಕೆ 1.7 ಸೆಕೆಂಡು, ಜಾಲ ಅಷ್ಟನ್ನು ಕೆಲವು ಗಂಟೆಗಳಲ್ಲೇ ಏರಿಳಿಯಬಹುದು. ಆದರೆ ಹರಳಿನ ತಪ್ಪು ಒಂದೇ ದಿಕ್ಕಿಗೆ ಬೆಳೆಯುತ್ತದೆ: ತಿಂಗಳಿಗೆ 50 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷ. ಸಮಯದ ಬಾಕಿ ತೀರಿಸುವ ಪದ್ಧತಿ ಇರುವ ಜಾಲದಲ್ಲಿ ಪ್ಲಗ್ಗಿನ ಗಡಿಯಾರ ಹತ್ತು ವರ್ಷ ಓಡಿದರೂ ಹತ್ತಿಪ್ಪತ್ತು ಸೆಕೆಂಡುಗಳ ಆಸುಪಾಸಿನಲ್ಲೇ ಇರಬಲ್ಲದು. ಆ ಪದ್ಧತಿ ಇಲ್ಲದಲ್ಲಿ ಅದಕ್ಕೆ ಹೋಲಿಸಿದರೆ ನೂರು ರೂಪಾಯಿಯ ಸೆಲ್ಲಿನ ಗಡಿಯಾರವೇ ವಾಸಿ.

ಆವರ್ತನ ತಪ್ಪಿದರೆ ಕರೆಂಟ್ ಬಿಲ್ ಹೆಚ್ಚಾಗುತ್ತದೆಯೇ?

ಇಲ್ಲ. ಮೀಟರು ಎಣಿಸುವುದು ಆವರ್ತವನ್ನಲ್ಲ, ಶಕ್ತಿಯನ್ನು. ಹಗಲು ರಾತ್ರಿಗೆ ಬೇರೆ ದರ ಹಾಕುವ ಎಲೆಕ್ಟ್ರಾನಿಕ್ ಮೀಟರಿನಲ್ಲೂ ಸಮಯಕ್ಕೆ ಪ್ರತ್ಯೇಕ ಹರಳಿನ ಗಡಿಯಾರ ಇರುತ್ತದೆ.

ಸಮಯ ತಿದ್ದುವ ಈ ಪದ್ಧತಿ ಇನ್ನೂ ಬೇಕೇ?

ಎಂಜಿನಿಯರುಗಳಲ್ಲೇ ಎರಡು ಮಾತಿದೆ. ಅಮೆರಿಕದಲ್ಲಿ 2011ರಲ್ಲೇ ತಿದ್ದುಪಡಿ ನಿಲ್ಲಿಸಿ ನೋಡುವ ಪ್ರಯೋಗದ ಪ್ರಸ್ತಾಪ ಬಂದಿತ್ತು. ಅವರ ವಾದ ಹೀಗೆ: ಗಡಿಯಾರ ಮುಂದೆ ಓಡಿದೆ ಎಂದು ಜಾಲವನ್ನು ಬೇಕೆಂದೇ 59.98ರಲ್ಲಿ ಓಡಿಸುತ್ತೇವೆ, ಆ ಹೊತ್ತಿನಲ್ಲೇ ದೊಡ್ಡ ಸ್ಥಾವರವೊಂದು ನಿಂತರೆ ಕುಸಿತ ಶುರುವಾಗುವುದು ಒಂದು ಮೆಟ್ಟಿಲು ಕೆಳಗಿನಿಂದ. ಎಲ್ಲರ ಕೈಯಲ್ಲೂ ಫೋನಿರುವಾಗ ಇದು ಯಾರಿಗಾಗಿ?

ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ. ಸಮಯದ ಅಂತರ ಎಂಬುದು ಜಾಲದಲ್ಲಿ ಯಾರೋ ತಮ್ಮ ಪಾಲು ಕೊಡುತ್ತಿಲ್ಲ ಎಂಬುದರ ಅತ್ಯಂತ ಸೂಕ್ಷ್ಮ ಲೆಕ್ಕ. ಹರ್ಟ್ಸಿನ ಸಾವಿರದ ನಾಲ್ಕು ಪಾಲನ್ನು ಬರಿಗಣ್ಣಿಗೆ ತೋರಿಸಿದ್ದು ಓವನ್ನಿನ ಗಡಿಯಾರ. ಗಡಿಯಾರಗಳಿಗಾಗಿ ಜಾಲವನ್ನು ತಿದ್ದುವುದು ಬಿಡಲಿ, ಆದರೆ ಆ ಲೆಕ್ಕವನ್ನು ಬರೆದಿಡುವುದನ್ನೂ ಬಹಿರಂಗವಾಗಿ ತೋರಿಸುವುದನ್ನೂ ಬಿಡಬಾರದು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದೇ?

ಆವರ್ತ ಎಣಿಸುವ ಗಡಿಯಾರ ಸಿಕ್ಕರೆ ಖಂಡಿತ. ಫೋನಿನ ಸಮಯಕ್ಕೆ ಸೆಕೆಂಡು ಸಮೇತ ಹೊಂದಿಸಿ, ಮಾರನೆಯ ದಿನ ಅದೇ ಹೊತ್ತಿಗೆ ವ್ಯತ್ಯಾಸ ಬರೆದುಕೊಳ್ಳಿ. ವ್ಯತ್ಯಾಸವನ್ನು 86,400ರಿಂದ ಭಾಗಿಸಿ 50ರಿಂದ ಗುಣಿಸಿದರೆ ಆ ದಿನದ ಸರಾಸರಿ ಆವರ್ತನ 50ರಿಂದ ಎಷ್ಟು ದೂರವಿತ್ತು ಎಂಬುದು ಸಿಗುತ್ತದೆ. ನಡುವೆ ಕರೆಂಟು ಹೋಗಿದ್ದರೆ, ಇನ್ವರ್ಟರಿನ ಮೇಲೆ ಓಡಿದ್ದರೆ ಆ ದಿನದ ಲೆಕ್ಕ ಬಿಡಿ. ಗಡಿಯಾರದ ಹಿಂಬದಿ ಬಿಚ್ಚುವ ಅಗತ್ಯವಿಲ್ಲ, ಪ್ಲಗ್ಗಿನಲ್ಲಿರುವಾಗ ಬಿಚ್ಚಲೂಬಾರದು.